ಬಯಕೆಗೂ ಒಂದು ಕಟ್ಟೆ ಬೇಕು

ಆಸೆಯೇ ದುಃಖಕ್ಕೆ ಮೂಲವೆಂದು ಹಿರಿಯರು ಹೇಳುವುದನ್ನು ನೀವೆಲ್ಲರೂ ಕೇಳಿರುವಿರಿ. ಪ್ರಬಂಧಗಳಲ್ಲಿ ಅದನ್ನೇ ಬರೆದು ಅಂಕಗಳನ್ನೂ ಗಳಿಸಿರುವಿರಿ. ಆದರೆ ಆಸೆಯೇ ಇಲ್ಲದಿದ್ದರೆ ನಿಮ್ಮ ತಂದೆತಾಯಿಗಳು ಊರು ಬಿಟ್ಟು ಈ ಪುಣೆಗೆ ಬರುತ್ತಿದ್ದರೇ? ಕನ್ನಡದಲ್ಲಿ ಮೆಟ್ರಿಕ್ ಮುಗಿಸಿದ ನಾನಾದರೂ ಒಂದು ಟ್ರಂಕು ಹಿಡಿದು ಇಲ್ಲಿ ರೈಲಿನಿಂದ ಇಳಿಯುತ್ತಿದ್ದೆನೇ? ಆದುದರಿಂದ ಆ ಮಾತನ್ನು ನಾನು ಪೂರ್ಣವಾಗಿ ಒಪ್ಪಲಾರೆ.

ಕೆಲವು ದಿನಗಳ ಹಿಂದೆ ತರಗತಿಯಲ್ಲಿ, "ನಿಮಗೆ ಏನು ಬೇಕು?" ಎಂದು ಕೇಳಿದೆನು. ಉತ್ತರಗಳು ಮಳೆಯಂತೆ ಸುರಿದವು. ಒಬ್ಬನಿಗೆ ಮೋಟಾರ್ ಸೈಕಲ್ಲು, ಒಬ್ಬಳಿಗೆ ದೊಡ್ಡ ಮನೆ, ಮತ್ತೊಬ್ಬನಿಗೆ ದೊಡ್ಡ ಹೆಸರು. "ಅದಕ್ಕಾಗಿ ಇಂದು ಸಂಜೆ ಏನು ಮಾಡುವಿರಿ?" ಎಂದಾಗ ತರಗತಿ ಮೌನವಾಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಮಾತ್ರ ಎದ್ದು, "ಸರ್, ಸಂಜೆ ನಾನು ಅಪ್ಪನ ಅಂಗಡಿಯಲ್ಲಿ ಕೂರಬೇಕು. ನಾನು ಬಯಸಿ ಏನು ಪ್ರಯೋಜನ?" ಎಂದನು. ಅಂದು ನಾನು ಅವನಿಗೆ ಸರಿಯಾದ ಉತ್ತರ ಕೊಡಲಿಲ್ಲ. ಇಲ್ಲಿ ಕೊಡಲು ಯತ್ನಿಸುವೆನು.

ನಮ್ಮ ನಗರಕ್ಕೆ ನೀರುಣಿಸುವ ಖಡಕವಾಸಲಾ ಜಲಾಶಯವನ್ನು ನೀವು ನೋಡಿರುವಿರಿ. ಮಳೆಗಾಲದಲ್ಲಿ ಉಕ್ಕಿ ಹರಿದು ವ್ಯರ್ಥವಾಗುತ್ತಿದ್ದ ನೀರನ್ನು ಹಿಡಿದಿಡಲು 1903ರಲ್ಲಿ ಅಲ್ಲಿ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದವರು ವಿಶ್ವೇಶ್ವರಯ್ಯನವರು. ನೀರು ಗೊತ್ತಾದ ಮಟ್ಟವನ್ನು ಮೀರಿದರೆ ಅವು ತಾವಾಗಿಯೇ ತೆರೆಯುತ್ತಿದ್ದವು, ಇಳಿದರೆ ಮುಚ್ಚುತ್ತಿದ್ದವು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಂತಿತು. ಅವರು ನೀರನ್ನು ಹಳಿಯಲಿಲ್ಲ, ಅದಕ್ಕೆ ಒಂದು ಮಟ್ಟವನ್ನೂ ದಾರಿಯನ್ನೂ ಗೊತ್ತುಮಾಡಿದರು. ಬಯಕೆಗೆ ಹೀಗೆ ದಾರಿ ದೊರೆತಾಗಲೇ ಅದು ಗುರಿಯಾಗುವುದು.

ಅವರೂ ನಮ್ಮಂತೆ ಹೊರಗಿನಿಂದ ಈ ಊರಿಗೆ ಬಂದ ಕನ್ನಡಿಗರು. ಎಳೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ಓದಿದವರು; 1881ರಲ್ಲಿ ಬಿ.ಎ. ಪದವಿ ಪಡೆದು, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ಸೈನ್ಸ್ ಕಾಲೇಜು ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಅವರ ದಿನಗಳೂ ಪೂರ್ತಿಯಾಗಿ ಅವರವಾಗಿರಲಿಲ್ಲ. ಉಳಿದ ವೇಳೆಯನ್ನು ಅವರು ಚೆಲ್ಲಲಿಲ್ಲ.

ಇನ್ನೊಂದು ಮಾತು. ಕೆಲಸವೆಲ್ಲ ಮುಗಿಯುವ ಮೊದಲೇ ನೀರು ತುಂಬಿಕೊಂಡ ಪಾನಶೇತ್ ಅಣೆಕಟ್ಟು 1961ರ ಜುಲೈ 12ರಂದು ಒಡೆಯಿತು. ಆ ಪ್ರವಾಹಕ್ಕೆ ಖಡಕವಾಸಲಾ ಕಟ್ಟೆಯೂ ಒಡೆದು, ಪುಣೆಯ ನದೀತೀರದ ಪೇಟೆಗಳು ಮುಳುಗಿದವು. ನಾವು ಇಂದು ನೋಡುವ ಕಟ್ಟೆ ಆ ಬಳಿಕ ಮತ್ತೆ ಕಟ್ಟಿದುದು. ಸಿದ್ಧತೆಯಿಲ್ಲದೆ ತುಂಬಿಕೊಂಡ ಬಯಕೆಯ ಪರಿಣಾಮವೂ ಇಂಥದೇ. ಅದು ತನ್ನನ್ನು ಮಾತ್ರವಲ್ಲ, ಕೆಳಗಿರುವವರನ್ನೂ ಮುಳುಗಿಸುತ್ತದೆ. ಸಾಲ ಮಾಡಿ ಮಗನ ಬಯಕೆ ತೀರಿಸಿದ ತಂದೆಯರನ್ನು ನಾನು ಬಲ್ಲೆ.

ಇನ್ನು ಆ ಹುಡುಗನಿಗೆ ನನ್ನ ಉತ್ತರ: ಮಗೂ, ನಿನ್ನ ಸಂಜೆಯನ್ನು ನಾನು ಬಿಡಿಸಿಕೊಡಲಾರೆ. ತಂದೆಗೆ ನೆರವಾಗುವುದು ಸಣ್ಣ ಕೆಲಸವೂ ಅಲ್ಲ. ಆದರೆ ನಿನ್ನ ಬಯಕೆ ನಿಲ್ಲಲು ದಿನಕ್ಕೆ ಒಂದು ಗಂಟೆಯ ಕಟ್ಟೆಯಾದರೂ ಬೇಕು. ಅದನ್ನು ಒದಗಿಸುವ ಹೊಣೆ ನಿನ್ನೊಬ್ಬನದೇ ಅಲ್ಲ, ಉಪಾಧ್ಯಾಯರಾದ ನಮ್ಮದೂ ಹೌದು. ಶಾಲೆಯ ಮೂಲೆಯ ಕೊಠಡಿಯ ಬೀಗದ ಕೈಯನ್ನು ನಾನು ಕೇಳಿ ಪಡೆದಿರುವೆನು. ಪ್ರಾರ್ಥನೆಗೆ ಒಂದು ಗಂಟೆ ಮುಂಚೆ ಅದು ತೆರೆದಿರುವುದು. ನೀನು ಬಾ, ನಿನ್ನಂಥವರನ್ನೂ ಕರೆದುಕೊಂಡು ಬಾ.