ಅಟ್ಟದ ಮೇಲಿನ ಆ ದೊಡ್ಡ ಲೆನ್ಸನ್ನು ಮಾರಬೇಡಿ

ಹೋದ ತಿಂಗಳು ತರವಾಡು ಮನೆಗೆ ಹೋಗಿದ್ದೆ. ಚಹಾ ಕೊಡುತ್ತಾ ಅಕ್ಕ ಮೆಲ್ಲನೆ ಕೇಳಿದಳು: “ಎರಡು ಬಳೆ ಬ್ಯಾಂಕಿನಲ್ಲಿ ಇಟ್ಟರೆ ಎಷ್ಟು ಸಿಗಬಹುದು?” ಯಾಕೆಂದು ಕೇಳಿದರೆ, ಮಗನಿಗೆ ಲೆನ್ಸ್ ಬೇಕಂತೆ. ಹುಡುಗ ಕ್ಯಾಮರಾ ಹಿಡಿದು ಎರಡು ವರ್ಷ ಆಗಿದೆ. ಹಕ್ಕಿ ತೆಗೆಯುತ್ತಾನೆ, ರಾತ್ರಿ ಸೆವೆನ್ಸ್ ಫುಟ್ಬಾಲ್ ಇದ್ದರೆ ಅಲ್ಲಿಗೂ ಹೋಗುತ್ತಾನೆ. ಈಗ ಅವನಿಗೆ 300 ಎಂ.ಎಂ. ಎಫ್ 2.8 ಬೇಕು. ಹೊಸದರ ಬೆಲೆ ಹಲವು ಲಕ್ಷ. ಮುಂಗಡಕ್ಕೆ ಬಳೆ, ಉಳಿದದ್ದಕ್ಕೆ ಕಂತು ಎಂದು ತಾಯಿ ಮಗ ಲೆಕ್ಕ ಹಾಕಿಯಾಗಿತ್ತು.

ನನಗೆ ನಗು ಬಂತು, ಸಿಟ್ಟೂ ಬಂತು. ಅಂಥದ್ದೇ ಒಂದು ಲೆನ್ಸ್ ಇದೇ ಮನೆಯ ಅಟ್ಟದಲ್ಲಿ ಹದಿನೈದು ವರ್ಷ ಬಿದ್ದಿತ್ತು. ಆರು ವರ್ಷದಿಂದ ಅದು ನನ್ನ ಹತ್ತಿರ ಇದೆ.

ಅದು ನಮ್ಮ ಮಾಮನದು. ಎಂಬತ್ತರ ದಶಕದಲ್ಲಿ ಗಲ್ಫಿಗೆ ಹೋದವರ ಪೆಟ್ಟಿಗೆಯಲ್ಲಿ ಏನೇನು ಬರುತ್ತಿತ್ತೆಂದು ಹಿರಿಯರಿಗೆ ನೆನಪಿದೆ. ಟೇಪ್ ರೆಕಾರ್ಡರ್, ಟಾರ್ಚು, ಅತ್ತರು, ಕಂಬಳಿ, ಸಣ್ಣದೊಂದು ಯಾಶಿಕಾ ಕ್ಯಾಮರಾ. ನಮ್ಮ ಮಾಮ ಒಂದು ಫೋಟೋ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಊರಿಗೆ ಹೊರಟ ಒಬ್ಬ ವಿದೇಶಿ ಫೋಟೋಗ್ರಾಫರನಿಂದ ಅವರು ಕೊಂಡದ್ದು ನಿಕಾನ್ ಕಂಪನಿಯ ಹಳೆಯ 300 ಎಂ.ಎಂ. ಎಫ್ 2.8. ಅದರಲ್ಲಿ ಆಟೋಫೋಕಸ್ ಇಲ್ಲ, ತೂಕ ಸುಮಾರು ಎರಡೂವರೆ ಕಿಲೋ. ಮಾಮ ಅದನ್ನು ಹೊತ್ತು ಬಂದಾಗ ಉಮ್ಮ ಹೇಳಿದ ಮಾತು ಇಂದಿಗೂ ಮನೆಯಲ್ಲಿ ತಮಾಷೆ: “ಇದಕ್ಕಿಂತ ಒಂದು ಗ್ರೈಂಡರ್ ತರಬಾರದಿತ್ತಾ?”

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಕಲಿಯುತ್ತಿರುವ ಹುಡುಗರ ಕೈಗೆ ಸಾಲದ ಹೊಸ ಲೆನ್ಸಿಗಿಂತ ಇಂಥ ಹಳೆಯ ಲೆನ್ಸ್ ಕೊಡುವುದು ಒಳ್ಳೆಯದು. ಹಳೆಯದೆಲ್ಲ ಚಿನ್ನ ಎನ್ನುವವನು ನಾನಲ್ಲ. ಈ ಜಾತಿಯ ಗಾಜು ಇಂದಿನ ಡಿಜಿಟಲ್ ಕ್ಯಾಮರಾದಲ್ಲಿ ತನ್ನ ಕಾಲದಲ್ಲಿ ಮಾಡಿದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ, ಅಷ್ಟೆ.

ಅದು ಹೇಗೆಂದು ನೋಡಿ. 300ನ್ನು 2.8ರಿಂದ ಭಾಗಿಸಿದರೆ 107 ಬರುತ್ತದೆ. ಬೆಳಕು ಒಳಗೆ ಬರುವ ಬಾಗಿಲು ಸುಮಾರು 107 ಮಿಲಿಮೀಟರ್ ಅಗಲ, ಒಂದು ಸಣ್ಣ ಬಸಿಯಷ್ಟು. ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ ಎಫ್ 5.6 ಟೆಲಿ ಲೆನ್ಸಿಗಿಂತ ಇದು ನಾಲ್ಕು ಪಟ್ಟು ಬೆಳಕು ತರುತ್ತದೆ. ಮಾಮನ ಕಾಲದಲ್ಲಿ 400 ಐಎಸ್ಒ ಫಿಲ್ಮಿನಲ್ಲಿ, ಮೈದಾನದ ದೀಪದಡಿ 1/60 ಸೆಕೆಂಡ್ ಸಿಕ್ಕರೆ ಹೆಚ್ಚು. ಓಡುವ ಆಟಗಾರ ಅದರಲ್ಲಿ ಹೊಗೆಯ ಹಾಗೆ ಕಾಣುತ್ತಾನೆ. ಇವತ್ತಿನ ಕ್ಯಾಮರಾದಲ್ಲಿ 6400 ಐಎಸ್ಒ ಇಟ್ಟರೂ ಚಿತ್ರ ಚೆನ್ನಾಗಿರುತ್ತದೆ. 400ರಿಂದ 6400ಕ್ಕೆ ನಾಲ್ಕು ಸ್ಟಾಪು. ಅದೇ ಬೆಳಕಿನಲ್ಲಿ 1/1000 ಸೆಕೆಂಡ್ ಸಿಗುತ್ತದೆ. ಲೆನ್ಸ್ ಅದೇ, ದೀಪ ಅದೇ, ಆದರೆ ಚೆಂಡು ಗಾಳಿಯಲ್ಲಿ ನಿಂತುಬಿಡುತ್ತದೆ.

ಎರಡನೆಯದು ಜೋಡಿಸುವ ವಿಷಯ. ಲೆನ್ಸಿನ ಹಿಂಬದಿಯ ಉಂಗುರದಿಂದ ಸೆನ್ಸರಿನವರೆಗಿನ ದೂರ ಪ್ರತಿ ಕಂಪನಿಗೂ ಬೇರೆ. 1959ರಲ್ಲಿ ಬಂದ ನಿಕಾನ್ ಎಫ್ ಮೌಂಟಿನಲ್ಲಿ ಅದು 46.5 ಎಂ.ಎಂ., ಕ್ಯಾನನ್ನಿನ ಹಳೆಯ ಎಫ್‌ಡಿಯಲ್ಲಿ 42. ಕನ್ನಡಿ ಇಲ್ಲದ ಹೊಸ ಕ್ಯಾಮರಾಗಳಲ್ಲಿ ಈ ದೂರ ಬಹಳ ಕಡಿಮೆ: ನಿಕಾನ್ ಝಡ್‌ನಲ್ಲಿ 16, ಸೋನಿ ಇ ಮೌಂಟಿನಲ್ಲಿ 18, ಕ್ಯಾನನ್ ಆರ್‌ಎಫ್‌ನಲ್ಲಿ 20. ಉಳಿದ ಜಾಗಕ್ಕೆ ಒಂದು ಟೊಳ್ಳು ಅಡಾಪ್ಟರ್ ಹಾಕಿದರೆ ಸಾಕು, ಅದರೊಳಗೆ ಗಾಜು ಬೇಕಿಲ್ಲ. 1987ರಲ್ಲಿ ಕ್ಯಾನನ್ ಮೌಂಟ್ ಬದಲಿಸಿದಾಗ ಎಷ್ಟೋ ಎಫ್‌ಡಿ ಲೆನ್ಸುಗಳು ಮೂಲೆ ಸೇರಿದ್ದವು. ಹೊಸ ಮೌಂಟಿನ ದೂರ 44 ಆದ್ದರಿಂದ ಅವು ಸರಿಯಾಗಿ ಕೂರುತ್ತಿರಲಿಲ್ಲ. ಈಗ ಅವೂ ಮತ್ತೆ ಕೆಲಸಕ್ಕೆ ಬಂದಿವೆ.

ಮೂರನೆಯದು ಫೋಕಸ್. ಅಳಿಯ ನಕ್ಕದ್ದು ಇಲ್ಲಿಯೇ. “ಕೈಯಲ್ಲಿ ತಿರುಗಿಸುವುದಾ ಮಾಮ, ಯಾವ ಕಾಲದಲ್ಲಿದ್ದೀರಿ?” ಎಂದ. ಅವನ ಮಾತಿನಲ್ಲಿ ಸತ್ಯ ಇದೆ. 300 ಎಂ.ಎಂ. ಎಫ್ 2.8ರಲ್ಲಿ ಹತ್ತು ಮೀಟರ್ ದೂರದ ಹಕ್ಕಿಗೆ ಸಿಗುವ ಸ್ಪಷ್ಟ ಜಾಗ ಹದಿನೆಂಟು, ಹತ್ತೊಂಬತ್ತು ಸೆಂಟಿಮೀಟರ್ ಮಾತ್ರ. ಐದು ಮೀಟರಿನಲ್ಲಾದರೆ ಐದು ಸೆಂಟಿಮೀಟರಿಗಿಂತಲೂ ಕಡಿಮೆ. ಕೊಕ್ಕು ಸ್ಪಷ್ಟವಾದರೆ ಬಾಲ ಮಂಜು. ಆದರೆ ಮಾಮನಿಗೆ ಇಲ್ಲದ ಎರಡು ಸಹಾಯ ಅಳಿಯನಿಗಿದೆ. ಒಂದು ಫೋಕಸ್ ಪೀಕಿಂಗ್: ಸ್ಪಷ್ಟವಾದ ಅಂಚಿಗೆ ಪರದೆಯಲ್ಲಿ ಬಣ್ಣ ಬರುತ್ತದೆ. ಇನ್ನೊಂದು ಝೂಮ್ ಮಾಡಿ ನೋಡುವ ಗುಂಡಿ: ಹಕ್ಕಿಯ ಕಣ್ಣನ್ನೇ ದೊಡ್ಡದು ಮಾಡಿ ಉಂಗುರ ತಿರುಗಿಸಬಹುದು. ಕೂತ ಹಕ್ಕಿಗೆ ಎರಡನೆಯದೇ ಒಳ್ಳೆಯದು. ಪೀಕಿಂಗಿನ ಬಣ್ಣವನ್ನು ಪೂರ್ತಿ ನಂಬಿದರೆ ಮೋಸ ಹೋಗುತ್ತೀರಿ.

ಫುಟ್ಬಾಲಿಗೆ ನಾನು ಮಾಡುವುದು ಬೇರೆ. ಚೆಂಡಿನ ಹಿಂದೆ ಉಂಗುರ ತಿರುಗಿಸುತ್ತಾ ಹೋಗುವುದಿಲ್ಲ. ಮೂವತ್ತು ಮೀಟರ್ ದೂರದ ಗೋಲಿನ ಮುಂದೆ ಒಂದು ಜಾಗಕ್ಕೆ ಫೋಕಸ್ ಇಟ್ಟು ಕಾಯುತ್ತೇನೆ. ಆ ದೂರದಲ್ಲಿ ಒಂದೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಜಾಗ ಸ್ಪಷ್ಟವಾಗಿ ಬರುತ್ತದೆ. ಆಟಗಾರ ಆ ಪಟ್ಟಿಯೊಳಗೆ ಬಂದಾಗ ಒತ್ತುವುದು. ಗಾಳ ಹಾಕಿ ಕೂತ ಹಾಗೆ. ಎಷ್ಟೋ ಸಲ ಮೀನು ಬರುವುದೇ ಇಲ್ಲ. ಆದರೆ ಆಟ ಎಲ್ಲಿಗೆ ಬರುತ್ತದೆಂದು ಊಹಿಸುವ ಬುದ್ಧಿ ಹಾಗೆ ಕಾದು ಕಾದೇ ಬರುತ್ತದೆ.

ಇನ್ನೊಂದು ಸಣ್ಣ ವಿಷಯ, ತುಂಬಾ ಜನ ಮರೆಯುತ್ತಾರೆ. ಹಳೆಯ ಲೆನ್ಸ್ ತಾನು ಯಾರೆಂದು ಕ್ಯಾಮರಾಕ್ಕೆ ಹೇಳುವುದಿಲ್ಲ. ಕ್ಯಾಮರಾದೊಳಗೆ ಕೈ ನಡುಕ ತಡೆಯುವ ವ್ಯವಸ್ಥೆ ಇದ್ದರೆ, ಮೆನುವಿನಲ್ಲಿ 300 ಎಂದು ನಾವೇ ಬರೆಯಬೇಕು. ಅದರಲ್ಲಿ 50 ಎಂದೇ ಉಳಿದಿದ್ದರೆ ಆ ವ್ಯವಸ್ಥೆಯ ಲೆಕ್ಕವೇ ತಪ್ಪುತ್ತದೆ. ಮತ್ತೆ, ಲೆನ್ಸಿನ ಕಾಲಿಗೆ ಟ್ರೈಪಾಡ್ ಹಾಕಬೇಕೇ ಹೊರತು ಕ್ಯಾಮರಾಕ್ಕಲ್ಲ. ಕ್ಯಾಮರಾ ಹಿಡಿದು ಎತ್ತಿದರೆ ಎರಡೂವರೆ ಕಿಲೋ ಭಾರವೆಲ್ಲ ಅಡಾಪ್ಟರ್ ಮೇಲೆ ಬೀಳುತ್ತದೆ.

ಈಗ ಎದುರು ಪಕ್ಷದ ಮಾತು. ಕಿದೂರಿನ ಬಯಲಿನಲ್ಲಿ ಒಂದು ಬೆಳಿಗ್ಗೆ ಬಿಳಿಹೊಟ್ಟೆಯ ಕಡಲ ಹದ್ದು ನನ್ನ ತಲೆಯ ಮೇಲೆಯೇ ಹಾರಿತು. ನಮ್ಮ ಕಾಸರಗೋಡು ಜಿಲ್ಲೆಯ ಹಕ್ಕಿ ಅದು. ನಲವತ್ತು ಚಿತ್ರ ತೆಗೆದೆ, ಒಂದೂ ಉಳಿಯಲಿಲ್ಲ. ಪಕ್ಕದಲ್ಲಿದ್ದ ಹುಡುಗನ ಹೊಸ ಆಟೋಫೋಕಸ್ ಲೆನ್ಸ್ ಹಕ್ಕಿಯ ಕಣ್ಣನ್ನೇ ಹಿಡಿದು ಕೂತಿತ್ತು. ಬಿಳಿ ಬೆಳ್ಳಕ್ಕಿಯ ಅಂಚಿನಲ್ಲಿ ಹಳೆಯ ಗಾಜು ಕೆಲವೊಮ್ಮೆ ನೇರಳೆ ಬಣ್ಣ ಬಿಡುತ್ತದೆ, ಎಫ್ 4ಕ್ಕೆ ಇಳಿಸಿದರೆ ಕಡಿಮೆಯಾಗುತ್ತದೆ. ತೂಕದ ಮಾತಂತೂ ಬೇಡ. 2023ರ ಕೊನೆಗೆ ಸೋನಿ ಘೋಷಿಸಿದ 300 ಎಫ್ 2.8 ಬರೇ 1470 ಗ್ರಾಂ. ನನ್ನ ಭುಜಕ್ಕೆ ಆ ವ್ಯತ್ಯಾಸ ಪ್ರತಿ ಸಂಜೆ ಗೊತ್ತಾಗುತ್ತದೆ.

ಹಾಗಾಗಿ ದುಡ್ಡು ಪಡೆದು ಮಾಡುವ ಕೆಲಸಕ್ಕೆ ನಾನು ಈ ಲೆನ್ಸ್ ಒಯ್ಯುವುದಿಲ್ಲ. ಮದುಮಗ ಮನೆಯ ಮೆಟ್ಟಿಲು ಹತ್ತುವ ಗಳಿಗೆ ಒಮ್ಮೆ ಮಾತ್ರ ಬರುತ್ತದೆ. ಅಲ್ಲಿ “ಫೋಕಸ್ ತಪ್ಪಿತು” ಎಂದರೆ ಯಾರೂ ಕೇಳುವುದಿಲ್ಲ. ಅಂಥ ದಿನಕ್ಕೆ ಹೊಸ ಲೆನ್ಸ್ ಬಾಡಿಗೆಗೆ ಸಿಗುತ್ತದೆ. ಬಾಡಿಗೆಯ ದುಡ್ಡು ಆ ಕೆಲಸದ ಸಂಬಳದಲ್ಲೇ ಬರುತ್ತದೆ. ಆದರೆ ಕಲಿಯುವ ಹುಡುಗನಿಗೆ ಇನ್ನೂ ಸಂಪಾದನೆಯೇ ಇಲ್ಲ. ಬಳೆ ಇಟ್ಟು ತಂದ ಲೆನ್ಸ್ ಮೊದಲ ದಿನದಿಂದಲೇ ಕಂತು ಕೇಳುತ್ತದೆ. ಕಂತು ಕಟ್ಟಲು ಅವನು ಸಿಕ್ಕಿದ ಮದುವೆಗಳಿಗೆಲ್ಲ ಓಡಬೇಕು. ಹಕ್ಕಿ ತೆಗೆಯುವ ಆಸೆ ಅಲ್ಲಿಗೆ ಮುಗಿಯಿತು. ಹಾಗೆ ಆದವರನ್ನು ನಾನು ನೋಡಿದ್ದೇನೆ.

ನಮ್ಮ ಕರಾವಳಿಯಲ್ಲಿ ಹಳೆಯ ಲೆನ್ಸಿನ ದೊಡ್ಡ ಶತ್ರು ತೇವ. ಅಟ್ಟದಿಂದ ಇಳಿಸಿದಾಗ ಮಾಮನ ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆಗಳಿದ್ದವು. ಫಂಗಸ್ ಅದು. ತಪ್ಪು ನಮ್ಮದೇ. ಚರ್ಮದ ಪೆಟ್ಟಿಗೆಯಲ್ಲಿ ಮುಚ್ಚಿ, ಹದಿನೈದು ಮಳೆಗಾಲ ತೆರೆದು ನೋಡಿರಲಿಲ್ಲ. ಪುಣ್ಯಕ್ಕೆ ಅದು ಗಾಜಿನ ಲೇಪವನ್ನು ತಿಂದಿರಲಿಲ್ಲ. ಹಳೆಯ ಕೈಯ ಮೆಕ್ಯಾನಿಕ್ ಒಬ್ಬರು ಬಿಚ್ಚಿ ತೊಳೆದು ಕೊಟ್ಟರು.

ನಿಮ್ಮ ಮನೆಯಲ್ಲೂ ಇಂಥದ್ದು ಇದ್ದರೆ ಇವತ್ತೇ ಇಳಿಸಿ ನೋಡಿ. ಡಯಾಫ್ರಾಮ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚು ಹಾಕಿ. ಸ್ವಲ್ಪ ಧೂಳು ಇದ್ದರೆ ಹೆದರಬೇಡಿ. ಎಳೆಗಳಿದ್ದರೆ ತೊಳೆಸಿ. ತೊಳೆದ ಮೇಲೂ ಗಾಜಿನಲ್ಲಿ ಗುರುತು ಉಳಿದರೆ ಅದಕ್ಕೆ ಹೆಚ್ಚು ಖರ್ಚು ಮಾಡಬೇಡಿ. ಬ್ಲೇಡುಗಳ ಮೇಲೆ ಎಣ್ಣೆ ಇದೆಯೇ, ಫೋಕಸ್ ಉಂಗುರ ಸರಾಗವಾಗಿ ತಿರುಗುತ್ತದೆಯೇ ನೋಡಿ. ಇಂಥ ಲೆನ್ಸಿಗೆ ಹಿಂಬದಿಯಲ್ಲಿ ಸಣ್ಣ ಫಿಲ್ಟರ್ ಹಾಕುವ ಗೂಡು ಇರುತ್ತದೆ. ಆ ಫಿಲ್ಟರ್ ಬೆಳಕಿನ ದಾರಿಯ ಒಂದು ಭಾಗ, ಇಲ್ಲದಿದ್ದರೆ ಹುಡುಕಿ ಹಾಕಿ.

ಇಡುವುದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ, ಸಿಲಿಕಾ ಜೆಲ್ ಜೊತೆಗೆ. ಒಳಗಿನ ತೇವ ನೂರಕ್ಕೆ ನಲವತ್ತರಿಂದ ಐವತ್ತು ಇದ್ದರೆ ಸಾಕು, ಅಳೆಯುವ ಸಣ್ಣ ಯಂತ್ರ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ನಮ್ಮ ಹೆಂಗಸರು ಹೇಳುವಂತೆ ಅಕ್ಕಿ ಮಾತ್ರ ಹಾಕಬೇಡಿ, ಅದರ ಹುಡಿ ಗಾಜಿಗೆ ಹೋಗುತ್ತದೆ. ಮುಚ್ಚಳ ತೆಗೆದು ಕಿಟಕಿಯ ಬಿಸಿಲಿಗೂ ಇಡಬೇಡಿ. ಅಷ್ಟು ದೊಡ್ಡ ಗಾಜು ಬಿಸಿಲನ್ನು ಒಂದೇ ಬಿಂದುವಿಗೆ ತಂದು ಬಟ್ಟೆ ಸುಡಬಲ್ಲದು.

ನನಗೆ ನೋವಾದದ್ದು ಇನ್ನೊಂದು ಮನೆಯ ಕಥೆ ಕೇಳಿ. ಪರಿಚಯದವರೊಬ್ಬರು ತಂದೆಯ ಕಾಲದ ಇಂಥದ್ದೇ ಲೆನ್ಸನ್ನು ಮನೆ ಬಾಗಿಲಿಗೆ ಬಂದವನಿಗೆ ಮೂರು ಸಾವಿರಕ್ಕೆ ಕೊಟ್ಟುಬಿಟ್ಟರು. “ಕೆಲಸಕ್ಕೆ ಬಾರದ್ದು, ಜಾಗ ಖಾಲಿಯಾಯಿತು” ಎಂದರು. ಆರು ತಿಂಗಳಾದ ಮೇಲೆ ಅವರ ಮಗನೂ ಹೊಸದಕ್ಕೆ ಸಾಲ ಮಾಡಿದ. ಗಲ್ಫಿನಲ್ಲಿ ಎಂಟು ಜನರ ಕೋಣೆಯಲ್ಲಿ ಮಲಗಿ, ಊಟದ ದುಡ್ಡು ಉಳಿಸಿ ತಂದ ವಸ್ತು ಅದು. ಮಾರುವ ಮೊದಲು ಅದು ಏನೆಂದು ಯಾರನ್ನಾದರೂ ಕೇಳಬಹುದಿತ್ತು.

ಅಳಿಯನ ವಿಷಯಕ್ಕೆ ಬರುತ್ತೇನೆ. ಡಬ್ಬವನ್ನು ಅವನ ಕೈಗೆ ಕೊಟ್ಟು ಹೇಳಿದೆ: “ಒಂದು ಸೀಸನ್ ಇಟ್ಟುಕೋ ಮೋನೆ. ಆಮೇಲೂ ಹೊಸದು ಬೇಕೆನಿಸಿದರೆ ಬ್ಯಾಂಕಿಗೆ ನಾನೇ ಬರುತ್ತೇನೆ.” ಮೊದಲ ರಾತ್ರಿಯ ಮ್ಯಾಚಿನಲ್ಲಿ ಮುನ್ನೂರು ಚಿತ್ರ ತೆಗೆದ, ಹನ್ನೊಂದು ಸರಿ ಬಂದವು. ಮುಖ ಸಣ್ಣದು ಮಾಡಿಕೊಂಡು ತೋರಿಸಿದ. ಒಂದರಲ್ಲಿ ಗೋಲಿ ಮಲಗಿದ ಹಾಗೆ ಗಾಳಿಯಲ್ಲಿದ್ದಾನೆ, ಬೆರಳ ತುದಿ ಮತ್ತು ಚೆಂಡಿನ ನಡುವೆ ಒಂದು ಗೇಣು. ಹಿಂದಿನ ಜನರೆಲ್ಲ ಬಣ್ಣದ ಚುಕ್ಕೆಗಳಾಗಿದ್ದಾರೆ.

ಉಮ್ಮ ಆ ಚಿತ್ರವನ್ನು ತುಂಬಾ ಹೊತ್ತು ನೋಡಿದರು. “ಅಣ್ಣ ಆಗ ತಂದದ್ದರಲ್ಲೇ ತೆಗೆದದ್ದಾ ಇದು?” ಎಂದು ಎರಡು ಸಲ ಕೇಳಿದರು. ಗ್ರೈಂಡರಿನ ಮಾತು ಎತ್ತಲಿಲ್ಲ. ಬಳೆ ಎರಡೂ ಈಗಲೂ ಅಕ್ಕನ ಕೈಯಲ್ಲಿವೆ. ಅಳಿಯ ಈ ವಾರವೂ ಡಬ್ಬ ಹಿಂದೆ ಕೊಟ್ಟಿಲ್ಲ, ನಾನೂ ಕೇಳಲಿಲ್ಲ.