ಊರಿಗೆ ಹೋದಾಗ ಅಪ್ಪ-ಅಮ್ಮನ ಫೋನು ಸ್ವಲ್ಪ ಕೈಗೆ ತಗೊಳ್ಳಿ

ಬೆಂಗಳೂರಲ್ಲಿ ಕೂತ ನಮಗೆ ನೆಟ್‌ವರ್ಕ್ ಅಂದರೆ ಸ್ಪೀಡು. ಮೆಟ್ರೋದಲ್ಲಿ ರೀಲ್ಸ್ ಸುತ್ತುತ್ತಾ ನಿಂತರೆ ಸಿಟ್ಟು, ಮೀಟಿಂಗ್ ಮಧ್ಯೆ ವಾಯ್ಸ್ ಕಟ್ಟಾದರೆ ಇನ್ನೂ ಸಿಟ್ಟು. ಊರಲ್ಲಿ ಇರೋರ ಲೆಕ್ಕ ಬೇರೆ. ಅಲ್ಲಿ ಪ್ರಶ್ನೆ ಒಂದೇ: ಕಾಲ್ ಹೋಗುತ್ತಾ, ಇಲ್ವಾ?

ಕಳೆದ ವಾರ ಬಂದ ಪತ್ರಗಳಲ್ಲಿ ಒಂದನ್ನು ಎರಡು ಸಲ ಓದಿದೆ. ಬರೆದವರು ಕೊಪ್ಪ ಕಡೆಯವರು, ಈಗ ವೈಟ್‌ಫೀಲ್ಡಲ್ಲಿ ಕೆಲಸ. 'ಮಳೆ ಜೋರಿದ್ದ ಒಂದು ರಾತ್ರಿ ಅಪ್ಪಯ್ಯನಿಗೆ ಎದೆ ಹಿಡ್ಕೊಂಡ ಹಾಗೆ ಆಯ್ತಂತೆ. ಅಮ್ಮ ನಲವತ್ತು ನಿಮಿಷ ಟ್ರೈ ಮಾಡಿದ್ರು, ಯಾರಿಗೂ ಕಾಲ್ ಹೋಗ್ಲಿಲ್ಲ. ಕೊನೆಗೆ ಕೊಡೆ, ಟಾರ್ಚ್ ಹಿಡ್ಕೊಂಡು ತೋಟದ ಮೇಲಿನ ಗುಡ್ಡ ಹತ್ತಿ ಪಕ್ಕದ ಮನೆಯವರಿಗೆ ಫೋನ್ ಮಾಡಿದ್ರು. ದೇವರ ದಯೆ, ಗ್ಯಾಸ್ಟ್ರಿಕ್ ಅಂದ್ರು ಡಾಕ್ಟ್ರು. ಆದ್ರೆ ನಂಗೆ ಈಗ್ಲೂ ರಾತ್ರಿ ಎಚ್ಚರ ಆಗುತ್ತೆ. ಸಿಮ್ ಚೇಂಜ್ ಮಾಡ್ಸಬೇಕಾ, ಹೊಸ ಫೋನ್ ಕೊಡಿಸ್ಬೇಕಾ?' ಎಂದು ಕೇಳಿದ್ದಾರೆ. ಅದೇ ಪತ್ರದ ಕೊನೆಯಲ್ಲಿ ಮಾತಿಗೆ ಅಂತ ಒಂದು ಸಾಲು: 'ಮನೇಲಿ ಫೈಬರ್ ಇದೆ, ಅದೇನೂ ತೊಂದರೆ ಇಲ್ಲ. ಅವತ್ತೂ ಟೀವಿಲಿ ಸೀರಿಯಲ್ ನೋಡ್ತಾ ಇದ್ರಂತೆ.'

ಅಂದರೆ ಆ ನಲವತ್ತು ನಿಮಿಷವೂ ಮನೆಯೊಳಗೆ ಇಂಟರ್ನೆಟ್ ಇತ್ತು. ಫೋನಿಗೆ ಅದರ ಮೇಲೆ ಕಾಲ್ ಮಾಡೋಕೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಸಿಮ್ಮೂ ಬೇಡ, ಹೊಸ ಫೋನೂ ಬಹುಶಃ ಬೇಡ. ಮೊದಲು ವೈಫೈ ಕಾಲಿಂಗ್ ಆನ್ ಮಾಡಿ ನೋಡಿ.

ಇದು ವಾಟ್ಸಾಪ್ ಕಾಲ್ ಅಲ್ಲ. ವಾಟ್ಸಾಪಿನಲ್ಲಿ ಮಗನಿಗೆ ಮಾಡಬಹುದು, ಆದರೆ ತಾಲ್ಲೂಕು ಆಸ್ಪತ್ರೆಯ ಲ್ಯಾಂಡ್‌ಲೈನಿಗೆ, ಕೀಪ್ಯಾಡ್ ಫೋನ್ ಇಟ್ಟುಕೊಂಡ ಆಟೋದವನಿಗೆ ಮಾಡೋಕಾಗಲ್ಲ. ವೈಫೈ ಕಾಲಿಂಗಿನಲ್ಲಿ ಎಂದಿನ ಡಯಲರಿನಿಂದ, ಎಂದಿನ ನಂಬರಿಗೆ, ಎಂದಿನ ಹಾಗೆಯೇ ಕಾಲ್ ಹೋಗುತ್ತೆ. ಟವರಿನ ಬದಲು ಮನೆಯ ವೈಫೈ ಮೂಲಕ ಕಂಪನಿಯ ಸರ್ವರ್ ತಲುಪುತ್ತೆ, ಅಷ್ಟೇ ವ್ಯತ್ಯಾಸ. ಆ ಕಡೆಯವರಿಗೆ ಗೊತ್ತೇ ಆಗೋಲ್ಲ. ಏರ್‌ಟೆಲ್ ಇದನ್ನು 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಶುರು ಮಾಡಿದವು. ದೇಶದೊಳಗಿನ ಕಾಲಿಗೆ ಬೇರೆ ಚಾರ್ಜ್ ಇಲ್ಲ, ಇರೋ ಪ್ಲಾನಿನಲ್ಲೇ ಬರುತ್ತೆ. ವೈಫೈ ಯಾವ ಕಂಪನಿಯದ್ದಾದರೂ ಪರವಾಗಿಲ್ಲ. ಕೇಬಲ್‌ನವರು ಎಳೆದ ಲೋಕಲ್ ಫೈಬರ್ ಸಾಕು.

ಆಂಡ್ರಾಯ್ಡಿನಲ್ಲಿ ಈ ಸೆಟ್ಟಿಂಗ್ ಒಂದೊಂದು ಫೋನಲ್ಲಿ ಒಂದೊಂದು ಕಡೆ ಅಡಗಿರುತ್ತೆ. ಕೆಲವದರಲ್ಲಿ 'ನೆಟ್‌ವರ್ಕ್ ಮತ್ತು ಇಂಟರ್ನೆಟ್' ಒಳಗೆ, ಸ್ಯಾಮ್‌ಸಂಗಿನಲ್ಲಿ 'ಕನೆಕ್ಷನ್ಸ್' ಒಳಗೆ, ಇನ್ನು ಕೆಲವದರಲ್ಲಿ ಸಿಮ್ಮಿನ ಹೆಸರು ಒತ್ತಿದರೆ ಕಾಣುತ್ತೆ. ಹುಡುಕಾಡಬೇಡಿ. ಸೆಟ್ಟಿಂಗ್ಸ್ ತೆಗೆದು ಮೇಲಿರೋ ಹುಡುಕು ಪೆಟ್ಟಿಗೆಯಲ್ಲಿ 'ವೈಫೈ ಕಾಲಿಂಗ್' ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಐಫೋನಿನಲ್ಲಿ ಮೊಬೈಲ್ ಡೇಟಾ ಪುಟದಲ್ಲೇ ಇರುತ್ತೆ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆಯಾಗಿ ಆನ್ ಮಾಡಬೇಕು. ಜೊತೆಗೆ ವಿಒಎಲ್‌ಟಿಇ (ಕೆಲವು ಫೋನಲ್ಲಿ '4ಜಿ ಕಾಲಿಂಗ್') ಕೂಡ ಆನ್ ಇರಲಿ.

ಇಲ್ಲಿಗೆ ಮುಗಿಯಿತು ಅಂತ ಎದ್ದುಬಿಡ್ತಾರೆ ಬಹಳ ಜನ. ಮುಗಿದಿಲ್ಲ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಅದರೊಳಗೇ ಇನ್ನೊಂದು ಆಯ್ಕೆ ಇದೆ: ಮೊದಲು ಮೊಬೈಲ್ ನೆಟ್‌ವರ್ಕೋ, ಮೊದಲು ವೈಫೈಯೋ. 'ಮೊದಲು ಮೊಬೈಲ್' ಅಂತಿದ್ದರೆ, ಮಲೆನಾಡಿನ ಮನೆಯಲ್ಲಿ ಬಂದು ಹೋಗುವ ಆ ಒಂದೇ ಒಂದು ಕಡ್ಡಿ ಸಿಗ್ನಲ್ಲಿಗೆ ಫೋನು ಜೋತುಬಿದ್ದು, ಪಕ್ಕದಲ್ಲೇ ಇರೋ ವೈಫೈ ಕಡೆ ತಿರುಗಿಯೂ ನೋಡಲ್ಲ. ಸಿಗ್ನಲ್ ಪೂರ್ತಿ ಇಲ್ಲದ ಮನೆಗಿಂತ ಈ ಅರೆಬರೆ ಸಿಗ್ನಲ್ ಇರೋ ಮನೆಯಲ್ಲೇ ತೊಂದರೆ ಜಾಸ್ತಿ. 'ಮೊದಲು ವೈಫೈ' ಅಂತ ಬದಲಾಯಿಸಿ.

ಆಮೇಲೆ ಪರೀಕ್ಷೆ. ಏರೋಪ್ಲೇನ್ ಮೋಡ್ ಹಾಕಿ. ಟವರ್ ಸಂಬಂಧ ಪೂರ್ತಿ ಕಡಿಯಿತು. ಈಗ ವೈಫೈ ಮಾತ್ರ ಆನ್ ಮಾಡಿ, ಅಮ್ಮನ ಫೋನಿಂದ ನಿಮಗೆ ಮಾಮೂಲಿ ಕಾಲ್ ಮಾಡಿ. ರಿಂಗಾದರೆ ಕೆಲಸ ಆಯ್ತು. ನೀವೂ ಅವರಿಗೆ ಒಂದು ಕಾಲ್ ಮಾಡಿ, ಒಂದು ಎಸ್ಎಂಎಸ್ ಕಳಿಸಿ. ಎಸ್ಎಂಎಸ್ ಬಂದರೆ ಬ್ಯಾಂಕಿನ ಓಟಿಪಿಯೂ ಒಳಗೆ ಕೂತಲ್ಲೇ ಬರುವ ಸಾಧ್ಯತೆ ಇದೆ. ಓಟಿಪಿಗೋಸ್ಕರ ಅಂಗಳದ ಮೂಲೆಗೆ ಓಡಿ, ವಾಪಸ್ ಬರೋದ್ರೊಳಗೆ ಟೈಮ್ ಮುಗಿದು, ಮತ್ತೆ ಓಡೋ ಕತೆ ಎಷ್ಟು ಮನೆಗಳದ್ದೋ!

ಕಾಲ್ ಹೋಗದಿದ್ದರೆ ಫೋನ್ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ. ಆಗಲೂ ಆಗದಿದ್ದರೆ ಆ ಮಾಡೆಲ್ಲಿಗೆ ಆ ಕಂಪನಿಯ ವೈಫೈ ಕಾಲಿಂಗ್ ಇಲ್ಲದಿರಬಹುದು. ಹೊಸ ಫೋನಿನ ಮಾತು ಆಗ ತೆಗೀಬಹುದು.

ಒಂದು ಎಚ್ಚರಿಕೆ. 112, 108ರಂಥ ತುರ್ತು ನಂಬರುಗಳೂ ವೈಫೈ ಮೇಲೆ ಖಂಡಿತ ಹೋಗುತ್ತವೆ ಅಂತ ನಂಬಿ ಕೂರಬೇಡಿ. 112ಕ್ಕೆ ಬೇರೆ ಅನುಕೂಲ ಇದೆ: ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಸುತ್ತ ಇನ್ಯಾವ ಕಂಪನಿಯ ಟವರ್ ಸಿಕ್ಕರೂ ಫೋನು ಅದನ್ನೇ ಹಿಡಿದು ಕಾಲ್ ಮಾಡುತ್ತೆ. ಯಾವ ಟವರೂ ಇಲ್ಲದ ಕಡೆ ಅದಕ್ಕೂ ದಾರಿ ಇಲ್ಲ. ಹಾಗಾಗಿ ಹತ್ತಿರದ ಆಸ್ಪತ್ರೆಯ ನಂಬರು, ಊರಿನ ಆಂಬುಲೆನ್ಸ್ ಡ್ರೈವರಿನ ಹತ್ತಂಕಿ ನಂಬರು, ರಸ್ತೆಗೆ ಹತ್ತಿರ ಇರೋ ನೆಂಟರ ನಂಬರು ಮೂರನ್ನೂ ಫೋನಲ್ಲಿ ಸೇವ್ ಮಾಡಿಕೊಡಿ.

ಇನ್ನು ಕರೆಂಟು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ರೂಟರ್ ಸತ್ತಿತು, ವೈಫೈ ಕಾಲಿಂಗೂ ಸತ್ತಿತು. ಮನೆಯಲ್ಲಿ ಇನ್ವರ್ಟರ್ ಇದ್ದರೆ ರೂಟರ್ ಅದರ ಲೈನಿನಲ್ಲಿದೆಯಾ ನೋಡಿ. ಎಷ್ಟೋ ಮನೆಗಳಲ್ಲಿ ಫ್ಯಾನು, ಲೈಟು ಇನ್ವರ್ಟರಿನಲ್ಲಿ, ರೂಟರ್ ಮಾತ್ರ ಟೀವಿ ಪಕ್ಕದ ಬೇರೆ ಪ್ಲಗ್ಗಿನಲ್ಲಿ. ಇನ್ವರ್ಟರ್ ಇಲ್ಲದವರಿಗೆ ರೂಟರಿಗೆಂದೇ ಅಂಗೈಯಗಲದ ಮಿನಿ ಯುಪಿಎಸ್ ಸಿಗುತ್ತೆ. ತಗೊಳ್ಳೋ ಮೊದಲು ರೂಟರ್ ಅಡಾಪ್ಟರಿನ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಬರೆದಿರೋದನ್ನ ಫೋಟೋ ತಕ್ಕೊಳ್ಳಿ. ಬಹಳಷ್ಟು 12 ವೋಲ್ಟಿನವು, ಆದರೆ ಎಲ್ಲವೂ ಅಲ್ಲ. ಫೈಬರ್ ಪೆಟ್ಟಿಗೆ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು. ಒಂದಕ್ಕೆ ಕೊಟ್ಟು ಇನ್ನೊಂದನ್ನು ಬಿಟ್ಟರೆ ಲೈಟ್ ಮಾತ್ರ ಮಿನುಗುತ್ತೆ, ನೆಟ್ ಬರಲ್ಲ.

ರೂಟರಿಗೆ ಎರಡು ಹೆಸರಿನ ವೈಫೈ ಬರುತ್ತಿದ್ದರೆ ಅಪ್ಪ-ಅಮ್ಮನ ಫೋನಿಗೆ 2.4 ಗಿಗಾಹರ್ಟ್ಸ್‌ನದ್ದನ್ನು ಜೋಡಿಸಿ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಆದರೆ ಹಳೇ ಮನೆಯ ದಪ್ಪ ಮಣ್ಣಿನ ಗೋಡೆ ದಾಟಿ ಅಡುಗೆಮನೆ, ಬಚ್ಚಲುಮನೆವರೆಗೆ ಬರೋದು 2.4. ಬೀಳೋದು ಜಾರೋದು ಹೆಚ್ಚಾಗಿ ಅಲ್ಲೇ ತಾನೇ.

ಈಗ ನಮ್ಮದೇ ಕಾಣಿಕೆಯ ವಿಷಯ. ನಾವು ಹೊಸ ಫೋನ್ ತಗೊಂಡಾಗ ಹಳೇದು ಎಲ್ಲಿಗೆ ಹೋಗುತ್ತೆ? ಊರಿಗೆ. ಸಿಮ್ ಬದಲಾಯಿಸಿ, ಫೋಟೋ ಅಳಿಸಿ ಕೊಟ್ಟುಬಿಡ್ತೀವಿ. ನಮ್ಮ ಸೆಟ್ಟಿಂಗುಗಳು ಹಾಗೇ ಅದರೊಳಗೆ ಉಳಿದಿರುತ್ತವೆ. ಬ್ಯಾಟರಿ ಉಳಿಸೋಕೆ ಹಾಕಿದ ಸೇವರ್, ಡೇಟಾ ಸೇವರ್. ಡೇಟಾ ಸೇವರ್ ಆನ್ ಇದ್ದರೆ ಮೊಬೈಲ್ ಡೇಟಾದಲ್ಲಿರುವಾಗ ಆ್ಯಪ್ ತೆರೆಯೋವರೆಗೆ ವಾಟ್ಸಾಪ್ ಮೆಸೇಜು ಬಾರದೇ ಇರಬಹುದು. 'ನೀನು ಕಳಿಸಿದ್ದು ಬಂದೇ ಇಲ್ಲ ಕಣೋ' ಅಂತ ಅಪ್ಪ ಅಂದರೆ, 'ಡಬಲ್ ಟಿಕ್ ಬಿದ್ದಿಲ್ಲ, ನೆಟ್ ಆನ್ ಮಾಡ್ಕೊಳ್ಳಿ' ಅಂತ ನಾವು ಅವರಿಗೇ ಬುದ್ಧಿ ಹೇಳ್ತೀವಿ.

ಇನ್ನೂ ಒಂದು ಪ್ರೈವೇಟ್ ಡಿಎನ್ಎಸ್. ಜಾಹೀರಾತು ಬರಬಾರದು ಅಂತ ನಮ್ಮಲ್ಲಿ ಎಷ್ಟೋ ಜನ ಅಲ್ಲಿ ಒಂದು ಸರ್ವರಿನ ಹೆಸರು ಹಾಕಿರ್ತೀವಿ. ವೆಬ್‌ಸೈಟಿನ ಹೆಸರನ್ನು ವಿಳಾಸಕ್ಕೆ ಬದಲಾಯಿಸಿಕೊಡೋ ಕೆಲಸ ಆ ಸರ್ವರಿನದ್ದು. ಅದು ಕೈಕೊಟ್ಟ ದಿನ, ಅಥವಾ ಲೋಕಲ್ ಇಂಟರ್ನೆಟ್‌ನವರು ಅದನ್ನು ತಡೆದ ದಿನ, ವೈಫೈ ಗುರುತು ಪೂರ್ತಿ ಇರುತ್ತೆ, ಆದರೆ ಏನೂ ತೆರೆಯಲ್ಲ. ರೈಲ್ವೆ ಸ್ಟೇಷನ್ ವೈಫೈಯಲ್ಲಿ ಓಟಿಪಿ ಕೇಳೋ ಪುಟ ಬಾರದಿರೋಕೂ ಕೆಲವೊಮ್ಮೆ ಇದೇ ಕಾರಣ. ಊರಿನ ಫೋನಿನಲ್ಲಿ ಇದು 'ಆಟೋಮ್ಯಾಟಿಕ್' ಇರಲಿ. ಫೋನ್ ಕೊಡೋ ಮೊದಲು ಫ್ಯಾಕ್ಟರಿ ರೀಸೆಟ್ ಮಾಡಿ ಕೊಟ್ಟರೆ ಈ ತಲೆನೋವೇ ಇಲ್ಲ.

5ಜಿ ವಿಷಯದಲ್ಲಿ ನನ್ನದು ನೇರ ಮಾತು: 5ಜಿ ಸರಿಯಾಗಿ ಸಿಗದ ಊರಲ್ಲಿ ಅದನ್ನು ಆಫ್ ಮಾಡಿ, 4ಜಿಗೆ ಇಡಿ. 4ಜಿ-5ಜಿ ಮಧ್ಯೆ ಓಲಾಡುತ್ತಾ ಫೋನು ಬಿಸಿಯಾಗುತ್ತೆ, ಸಂಜೆಯೊಳಗೆ ಬ್ಯಾಟರಿ ಖಾಲಿ. ಚಾರ್ಜೇ ಇಲ್ಲದ ಫೋನಿಗೆ ಯಾವ ಸೆಟ್ಟಿಂಗ್ ಮಾಡಿ ಏನು ಬಂತು? ಆದರೆ ಯೂಟ್ಯೂಬ್ ನೋಡಿ ನಕ್ಷತ್ರ, ಹ್ಯಾಶ್, 4636 ಅಂತ ಕೋಡ್ ಒತ್ತಿ 'ಎಲ್‌ಟಿಇ ಓನ್ಲಿ' ಮಾಡೋ ಚಟ ಇದೆಯಲ್ಲ, ಅದನ್ನು ಊರಿನ ಫೋನಿನಲ್ಲಿ ಮಾಡಬೇಡಿ. ಏರ್‌ಟೆಲ್, ವಿಐ ಸಿಮ್ಮುಗಳಿಗೆ 4ಜಿ ಸಿಗದಾಗ 2ಜಿ ಮೇಲಾದರೂ ಕಾಲ್ ಹೋಗುವ ದಾರಿ ಇರುತ್ತೆ, ಅದನ್ನು ನೀವೇ ಮುಚ್ಚಿದ ಹಾಗಾಗುತ್ತೆ. ಜಿಯೋ ಕತೆ ಉಲ್ಟಾ. 2016ರಲ್ಲಿ ಶುರುವಾದಾಗಲೇ ಅದು 4ಜಿ ಮಾತ್ರ, 2ಜಿ-3ಜಿ ಇಲ್ಲವೇ ಇಲ್ಲ. ಜಿಯೋ ಸಿಮ್ಮನ್ನು ಯಾರಾದರೂ ಆಟ ಆಡುತ್ತಾ 2ಜಿ ಅಥವಾ 3ಜಿಗೆ ಇಟ್ಟರೆ 'ನೋ ಸರ್ವಿಸ್' ಗ್ಯಾರಂಟಿ. ಮೊಮ್ಮಕ್ಕಳು ಬಂದು ಹೋದ ಮೇಲೆ ನೆಟ್‌ವರ್ಕ್ ಹೋಯ್ತು ಅಂದರೆ ಮೊದಲು ಇಲ್ಲೇ ನೋಡಿ.

ನೆಟ್‌ವರ್ಕ್ ಆಪರೇಟರ್ ಆಯ್ಕೆ ಯಾವಾಗಲೂ 'ಆಟೋಮ್ಯಾಟಿಕ್' ಇರಲಿ. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಂದು ಒಳ್ಳೆ ವ್ಯವಸ್ಥೆ ಶುರು ಮಾಡಿದೆ. ಸರ್ಕಾರದ ನಿಧಿಯಿಂದ ಕಟ್ಟಿದ ಟವರುಗಳಲ್ಲಿ ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್ ಗ್ರಾಹಕರು, ಟವರ್ ಯಾವ ಕಂಪನಿಯದ್ದಾದರೂ ಅದರ 4ಜಿ ಬಳಸಬಹುದು. ಎಲ್ಲ ಟವರುಗಳಲ್ಲೂ ಅಲ್ಲ, ದೂರದ ಹಳ್ಳಿಗಳಿಗೆಂದೇ ಕಟ್ಟಿದವುಗಳಲ್ಲಿ ಮಾತ್ರ. ನಿಮ್ಮ ಊರಿನ ಗುಡ್ಡದ ಮೇಲಿನದ್ದು ಅಂಥದ್ದಾಗಿದ್ದು, ಫೋನಲ್ಲಿ ಆಪರೇಟರ್ ಮ್ಯಾನುವಲ್ ಆಗಿ ಲಾಕ್ ಆಗಿದ್ದರೆ, ಆ ಅನುಕೂಲ ಕೈತಪ್ಪುತ್ತೆ.

ಇಂಟರ್ನೆಟ್ ಮಾತ್ರ ಬರ್ತಿಲ್ಲ, ಕಾಲ್ ಹೋಗ್ತಿದೆ ಅಂದರೆ ಎಪಿಎನ್ ನೋಡಿ. ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಎಲ್ಲ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಜಾಗ ಬಿಡದೆ. ಎರಡು ಸಿಮ್ ಇರುವವರ ಫೋನಿನಲ್ಲಿ ಡೇಟಾ ಯಾವ ಸಿಮ್ಮಿನದ್ದು ಅಂತಲೂ ನೋಡಿ. ರೀಚಾರ್ಜ್ ಇರೋದು ಒಂದಕ್ಕೆ, ಡೇಟಾ ಆನ್ ಇರೋದು ಇನ್ನೊಂದಕ್ಕೆ, ಇದು ಬಹಳ ಸಾಮಾನ್ಯ.

ಯಾವುದೂ ಸರಿ ಹೋಗದಿದ್ದಾಗ 'ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್'. ಫೋಟೋ, ಕಾಂಟ್ಯಾಕ್ಟ್ ಹೋಗಲ್ಲ, ಹೆದರಬೇಡಿ. ಆದರೆ ವೈಫೈ ಪಾಸ್‌ವರ್ಡು, ಬ್ಲೂಟೂತ್ ಜೋಡಣೆ ಹೋಗುತ್ತವೆ. ಅಪ್ಪನ ಕಿವಿಯ ಮಷೀನು ಬ್ಲೂಟೂತಿನದ್ದಾಗಿದ್ದರೆ ಮತ್ತೆ ಜೋಡಿಸಿಯೇ ಹೊರಡಿ. ಕೆಲವು ಫೋನುಗಳು ಅದೇ ಪುಟದಲ್ಲಿ ಇ-ಸಿಮ್ ಅಳಿಸಲಾ ಅಂತ ಕೇಳುತ್ತವೆ. ಅದಕ್ಕೆ ಟಿಕ್ ಹಾಕಬೇಡಿ. ಹಾಕಿದರೆ ಇ-ಸಿಮ್ ಕಂಪನಿಯಿಂದ ಮತ್ತೆ ಹಾಕಿಸಿಕೊಳ್ಳೋವರೆಗೆ ನಂಬರು ಇಲ್ಲ.

ಇದನ್ನೆಲ್ಲ ದೂರದಿಂದ ವಾಟ್ಸಾಪ್ ಸ್ಕ್ರೀನ್ ಶೇರ್ ಮಾಡಿಸಿಕೊಂಡು ಮಾಡಬಹುದಲ್ಲ ಅಂತ ಕೇಳ್ತೀರಿ. ಆಗುತ್ತೆ, ನೆಟ್ ಬರ್ತಿದ್ದರೆ. ಆದರೂ ನನಗೆ ಇಷ್ಟ ಇಲ್ಲ. ಪೊಲೀಸ್, ಬ್ಯಾಂಕ್ ಅಂತ ಹೇಳಿಕೊಂಡು ಬರೋ ಕಳ್ಳರೂ ಕೇಳೋದು ಅದೇ ಸ್ಕ್ರೀನ್ ಶೇರ್. 'ಫೋನಲ್ಲಿ ಹೇಳಿದ ಹಾಗೆ ಒತ್ತುತ್ತಾ ಹೋಗೋದು' ಅನ್ನೋ ಅಭ್ಯಾಸ ಹಿರಿಯರಿಗೆ ನಮ್ಮಿಂದಲೇ ಆಗೋದು ಬೇಡ. ಹಬ್ಬಕ್ಕೆ ಹೋದಾಗ ಊಟ ಆದ ಮೇಲೆ ಅರ್ಧ ಗಂಟೆ ಪಕ್ಕದಲ್ಲಿ ಕೂತು, ಅವರ ಕೈಯಲ್ಲೇ ಒತ್ತಿಸಿ ಮಾಡಿ. ಸಿಗ್ನಲ್ ಹೋದಾಗ ಅವರೇ ಮಾಡಿಕೊಳ್ಳೋಕೆ ಒಂದು ವಿದ್ಯೆ ಸಾಕು: ಮೇಲಿಂದ ಎಳೆದು ವಿಮಾನದ ಚಿತ್ರ ಒತ್ತೋದು, ಹತ್ತು ಎಣಿಸೋದು, ಮತ್ತೆ ಒತ್ತೋದು. ಸೋತ ಟವರಿಗೆ ಅಂಟಿಕೊಂಡ ಫೋನು ಅದನ್ನು ಬಿಟ್ಟು ಹೊಸದಾಗಿ ಹುಡುಕುತ್ತೆ. ವೈಫೈ ಹೆಸರು, ಪಾಸ್‌ವರ್ಡ್ ಗೋಡೆ ಕ್ಯಾಲೆಂಡರಿನ ಹಿಂದೆ ದೊಡ್ಡಕ್ಷರದಲ್ಲಿ ಬರೆದಿಡಿ.

ಕೊಪ್ಪದ ಓದುಗರೇ, ಮೊದಲು ಅಮ್ಮನ ಫೋನಿಂದ ಏರೋಪ್ಲೇನ್ ಮೋಡಿನ ಆ ಪರೀಕ್ಷೆ ಮಾಡಿ ನೋಡಿ, ಏನಾಯ್ತು ಅಂತ ಬರೆಯಿರಿ. ನಂಬರ್ ಉಳಿಸಿಕೊಂಡು ಕಂಪನಿ ಬದಲಾಯಿಸೋದು ಹೇಗೆ ಅಂತ ಕೇಳಿದವರಿಗೆ ಉತ್ತರ ಮುಂದಿನ ವಾರ.