ಜಗಲಿಯಿಲ್ಲದ ವಿದ್ಯಾಲಯಗಳು

ಮಲೆನಾಡಿನಲ್ಲಿ ಕಾಲೇಜು ಕಟ್ಟಡವೊಂದು ಮಂಜೂರಾದರೆ ಮೊದಲು ಬರುವುದು ಪುಸ್ತಕವೂ ಅಲ್ಲ, ಅಧ್ಯಾಪಕರೂ ಅಲ್ಲ, ಜೆಸಿಬಿ. ಗುಡ್ಡವನ್ನು ಸಪಾಟಾಗಿ ಕಡಿದು, ಮರಗಳನ್ನು ಉರುಳಿಸಿ, ಬಯಲುಸೀಮೆಯ ಯಾವುದೋ ಪೇಟೆಗೆಂದು ಬರೆದಿಟ್ಟ ನಕ್ಷೆಯನ್ನೇ ಇಲ್ಲಿಯೂ ಎಬ್ಬಿಸಿ ನಿಲ್ಲಿಸಲಾಗುತ್ತದೆ. ನಡುವೆ ಕತ್ತಲೆಯ ಓಣಿ, ಎರಡೂ ಬದಿಗೆ ಸಾಲುಕೋಣೆ, ಮುಂಭಾಗಕ್ಕೆ ಗಾಜು. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ತಾರಸಿ ಸೋರಿ, ಅದರ ಮೇಲೊಂದು ತಗಡಿನ ಮಾಡು ಏರುತ್ತದೆ. ಈ ನಷ್ಟವನ್ನಾದರೂ ಲೆಕ್ಕ ಹಾಕಬಹುದು. ಅಂಥ ಕಟ್ಟಡದಲ್ಲಿ ನಿಂತು ಮಾತನಾಡಲು ಯಾರಿಗೂ ಎಡೆಯಿಲ್ಲವೆಂಬ ನಷ್ಟ ಯಾವ ಕಡತಕ್ಕೂ ಸೇರುವುದಿಲ್ಲ.

ಸಸ್ಯಶಾಸ್ತ್ರದ ವಿದ್ಯಾರ್ಥಿನಿಗೆ ಇತಿಹಾಸದ ವಿದ್ಯಾರ್ಥಿ ಎದುರಾಗುವುದು ತರಗತಿಯ ಒಳಗಲ್ಲ, ತರಗತಿ ಮುಗಿದ ಮೇಲಿನ ಹತ್ತು ನಿಮಿಷದಲ್ಲಿ. ಆ ಹತ್ತು ನಿಮಿಷಕ್ಕೆ ಮಳೆ ತಾಗದ, ಗಾಳಿ ಬೆಳಕು ಬರುವ, ಕುಳಿತವರನ್ನು ಯಾರೂ ಎಬ್ಬಿಸದ ತಾವು ಬೇಕು. ಮಲೆನಾಡಿಗೆ ಇದು ಹೊಸ ಸಂಗತಿಯಲ್ಲ. ಅಡಿಕೆಯ ದರ, ಬೇಲಿಯ ತಕರಾರು, ತಾಳಮದ್ದಳೆಯ ಅರ್ಥದ ಕುರಿತ ವಾಗ್ವಾದ ಎಲ್ಲವೂ ನಡೆದುಬಂದದ್ದು ಜಗಲಿಯಲ್ಲಿ. ಆ ಜಗಲಿಯನ್ನು ಏರುವ ಹಕ್ಕು ಎಲ್ಲರಿಗೂ ಇರಲಿಲ್ಲವೆಂಬುದೂ ನಿಜ. ವಿದ್ಯಾಲಯದ ಜಗಲಿ ತಿದ್ದಬೇಕಾದದ್ದು ಅದನ್ನೇ.

ಇದನ್ನು ಹಳ್ಳಿಗರ ಹಳಹಳಿಕೆ ಎನ್ನುವ ಎಂಜಿನಿಯರುಗಳು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಗೊಮ್ಮೆ ಹೋಗಿಬರಲಿ. ಅಲ್ಲಿನ ಭಾರತೀಯ ನಿರ್ವಹಣಾ ಸಂಸ್ಥೆಯ ಕಟ್ಟಡಗಳನ್ನು 1970ರ ದಶಕದಲ್ಲಿ ರೂಪಿಸಿದವರು ಬಾಲಕೃಷ್ಣ ದೋಶಿ. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದವರು. ಫತೇಪುರ್ ಸಿಕ್ರಿಯ ಅಂಗಳಗಳಿಂದ ಪ್ರೇರಣೆ ಪಡೆದ ಅವರು ಆ ಕಟ್ಟಡದ ಜೀವವನ್ನು ಇರಿಸಿದ್ದು ಕೋಣೆಗಳಲ್ಲಲ್ಲ, ಮೊಗಸಾಲೆಗಳಲ್ಲಿ. ಸ್ಥಳೀಯ ಬೂದುಗಲ್ಲಿನ ಒರಟು ಗೋಡೆಗಳ ನಡುವೆ ಅವು ಒಮ್ಮೆ ಅಗಲವಾಗಿ, ಒಮ್ಮೆ ಕಿರಿದಾಗಿ ಸಾಗುತ್ತವೆ. ಕೆಲವೆಡೆ ಮೇಲೆ ಚಾವಣಿ, ಕೆಲವೆಡೆ ಬಳ್ಳಿ ಹಬ್ಬಿದ ತೊಲೆಗಳ ಚಪ್ಪರ, ಕೆಲವೆಡೆ ಬರೀ ಆಕಾಶ. ಅಲ್ಲಿ ನಡೆಯುವವನ ಕಾಲು ತಾನಾಗಿ ನಿಧಾನವಾಗುತ್ತದೆ, ಎದುರು ಬಂದವನೊಡನೆ ಮಾತು ಹುಟ್ಟುತ್ತದೆ.

ಅದು ಹಣವಂತ ಸಂಸ್ಥೆಯೆಂಬ ಆಕ್ಷೇಪಕ್ಕೆ ತಿರುವನಂತಪುರದಲ್ಲಿ ಉತ್ತರವಿದೆ. ಅಲ್ಲಿನ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು 1970ರ ದಶಕದಲ್ಲಿ ಅಲ್ಪವೆಚ್ಚದಲ್ಲಿ ಕಟ್ಟಿದವರು ಲಾರಿ ಬೇಕರ್. ಹಿಮಾಲಯದ ಪಿಥೋರಗಢದಲ್ಲಿ ವರ್ಷಗಟ್ಟಲೆ ಬಾಳಿ, ಬೆಟ್ಟದವರು ಕೈಗೆಟುಕುವ ಕಲ್ಲುಮಣ್ಣಿನಲ್ಲಿ ಮನೆ ಕಟ್ಟುವುದನ್ನು ಕಂಡು ಕಲಿತವರು ಅವರು. ಕೇಂದ್ರದ ಇಳಿಜಾರನ್ನು ಅವರು ಕಡಿಯಲಿಲ್ಲ. ಕಟ್ಟಡವೇ ಇಳಿಜಾರನ್ನು ಅನುಸರಿಸಿತು, ಗೋಡೆಗಳು ಮರಗಳಿಗೆ ದಾರಿಬಿಟ್ಟು ಬಾಗಿದವು. ಇಟ್ಟಿಗೆಯ ಜಾಲಂಧ್ರಗಳೇ ಅಲ್ಲಿ ಗಾಳಿ ಬೆಳಕು ತರುತ್ತವೆ. ಬೆಟ್ಟದಿಂದ ಕಲಿತ ಈ ಜಾಣ್ಮೆ ಬೆಟ್ಟದ ಕಾಲೇಜುಗಳಿಗೇ ಬೇಡವಾಗಿದೆ!

ಓಣಿಯನ್ನು ಅಗಲಿಸಿದರೆ ಜಾಗ ವ್ಯರ್ಥವಾಗುತ್ತದೆ ಎಂಬುದು ಗುತ್ತಿಗೆದಾರರ ಹಳೆಯ ವಾದ. ಆದರೆ ವರ್ಷದ ಬಹುಪಾಲು ಬೀಗ ಜಡಿದಿರುವ ಸಭಾಭವನವನ್ನು ಅವರು ಎಂದೂ ವ್ಯರ್ಥವೆನ್ನುವುದಿಲ್ಲ. ಅದಕ್ಕೆ ಉದ್ಘಾಟನೆಯ ಶಿಲಾಫಲಕವಿದೆ. ಜಗಲಿಗೆ ಫಲಕ ಹಾಕುವವರಿಲ್ಲ.

ಟೆಂಡರು ಕರೆಯುವುದಕ್ಕೆ ತಿಂಗಳು ಮೊದಲೇ ನಕ್ಷೆಯು ಕಾಲೇಜಿನ ಸೂಚನಾಫಲಕದಲ್ಲಿಯೂ ಗ್ರಾಮಸಭೆಯಲ್ಲಿಯೂ ಇರಬೇಕು. ಯಾವ ಮರ ಉಳಿಯುತ್ತದೆ, ಮಳೆ ಹೊಡೆಯುವ ದಿಕ್ಕಿಗೆ ಮಾಡಿನ ಚಾಚು ಎಷ್ಟು, ಐವತ್ತು ಮಂದಿ ಕೂರುವ ಜಗಲಿ ಎಲ್ಲಿ ಎಂಬ ಪ್ರಶ್ನೆಗಳನ್ನು ವಿದ್ಯಾರ್ಥಿಗಳೂ ಗ್ರಾಮಸ್ಥರೂ ಆಗಲೇ ಕೇಳಬೇಕು. ಗುಡ್ಡ ಕಡಿದ ಮೇಲೆ ಕೇಳಿ ಪ್ರಯೋಜನವಿಲ್ಲ.